ಜಪಾನಿನ ಮೆಣಸಿನಕಾಯಿಯೂ ಅವ್ವನ ಬೀಜದ ಗಂಟೂ

ನಮ್ಮ ಮಹಿಳಾ ವೇದಿಕೆಯ ವಾಟ್ಸಾಪ್ ಗುಂಪಿನಲ್ಲಿ ಕಳೆದ ವರ್ಷ ನಾನೊಂದು ಫೋಟೊ ಹಾಕಿದ್ದೆ. ಬಾಲ್ಕನಿಯ ಕುಂಡದಲ್ಲಿ ಬೆರಳುದ್ದದ, ಮೈಯೆಲ್ಲ ಸುಕ್ಕಾದ, ತುದಿ ಒಳಕ್ಕೆ ಮಡಚಿಕೊಂಡ ಹಸಿರು ಮೆಣಸಿನಕಾಯಿಗಳು. "ಇದು ಯಾವ ಜಾತಿಯದ್ರೀ? ಬಜ್ಜಿಗೆ ಬರ್ತದೇನು?" ಎಂದು ಒಬ್ಬರು, "ರೋಗ ಬಿದ್ದಂಗ ಕಾಣಸ್ತದಲ್ಲ" ಎಂದು ಇನ್ನೊಬ್ಬರು. "ರೋಗ ಅಲ್ಲ, ಜಪಾನಿನ ತಳಿ" ಎಂದು ಬರೆದೆ. ಆಮೇಲೆ ಬಂದ ಪ್ರಶ್ನೆಗಳಿಗೆ ಎರಡು ಸಾಲಿನಲ್ಲಿ ಉತ್ತರಿಸುವುದು ನನ್ನಿಂದ ಆಗಲಿಲ್ಲ. ಮೂವತ್ತು ವರ್ಷ ಪುಣೆಯಲ್ಲಿ ಶಾಲಾ ಮಕ್ಕಳಿಗೆ ಇತಿಹಾಸ ಕಲಿಸಿದವಳು ನಾನು. ಯಾವುದನ್ನೂ ಚಿಕ್ಕದಾಗಿ ಹೇಳುವ ಅಭ್ಯಾಸ ಇಲ್ಲ. ಅದಕ್ಕೇ ಈ ಲೇಖನ.

ಮೊದಲು, ಈ ಗಿಡ ನಮ್ಮ ಮನೆಗೆ ಬಂದ ಬಗೆ. ನನ್ನ ಮಗಳು ಪುಣೆಯಲ್ಲಿಯೇ ಜಪಾನಿ ಭಾಷೆ ಕಲಿತು, ಕೆಲಸ ಸಿಕ್ಕಿ ಟೋಕಿಯೊಗೆ ಹೋದಳು. ಮೊದಲ ಸಲ ರಜೆಗೆ ಬಂದಾಗ ಚೀಲದಿಂದ ಒಂದು ಪುಟ್ಟ ತಗಡಿನ ಡಬ್ಬಿ ತೆಗೆದು, "ಅಮ್ಮಾ, ಇದು ಅವರ ಚಟ್ನಿಪುಡಿ" ಎಂದಳು. ಮುಚ್ಚಳ ತೆಗೆದರೆ ಮೆಣಸಿನಕಾಯಿ, ಎಳ್ಳು, ಕಿತ್ತಳೆ ಸಿಪ್ಪೆಯ ಘಮ. ಅಲ್ಲಿಯ ಮೆಣಸಿನ ಬೀಜ ತಂದುಕೊಡು ಎಂದೆ. ಹಾಗೆಲ್ಲ ದೇಶದಿಂದ ದೇಶಕ್ಕೆ ಬೀಜ ಹೊತ್ತು ತರುವಂತಿಲ್ಲ, ಸಸ್ಯ ಕ್ವಾರಂಟೈನ್ ನಿಯಮಗಳಿವೆ ಎಂದು ಅವಳೇ ನನಗೆ ಪಾಠ ಹೇಳಿದಳು. ಕೊನೆಗೆ ಇಲ್ಲಿಯೇ ಆನ್‌ಲೈನಿನಲ್ಲಿ 'ಶಿಶಿತೊ' ಎಂಬ ತಳಿಯ ಬೀಜ ಸಿಕ್ಕಿತು. ಒಂದು ಪೊಟ್ಟಣದಲ್ಲಿ ಇಪ್ಪತ್ತು ಬೀಜ.

ಆ ಇಪ್ಪತ್ತು ಬೀಜ ನನ್ನನ್ನು ನಾನೂರೈವತ್ತು ವರ್ಷ ಹಿಂದಕ್ಕೆ ಕರೆದುಕೊಂಡು ಹೋದವು.

ಯಾರ ಮನೆಯ ಕೂಸು?

ಮೆಣಸಿನಕಾಯಿಯ ತವರು ಅಮೆರಿಕ ಖಂಡ. ಕೊಲಂಬಸನ ಪ್ರಯಾಣಕ್ಕೆ ಮೊದಲು ನಮ್ಮಲ್ಲೂ ಅದು ಇರಲಿಲ್ಲ, ಜಪಾನಿನಲ್ಲೂ ಇರಲಿಲ್ಲ. ನಮ್ಮ ಪಶ್ಚಿಮ ಕರಾವಳಿಗೆ ಅದನ್ನು ತಂದವರು ಪೋರ್ಚುಗೀಸರು. 1510ರಲ್ಲಿ ಗೋವಾ ಅವರ ವಶವಾಯಿತು. 1543ರಲ್ಲಿ ಪೋರ್ಚುಗೀಸರು ಜಪಾನಿನ ತಾನೆಗಾಶಿಮಾ ದ್ವೀಪ ತಲುಪಿದರು. ಮತಪ್ರಚಾರಕ ಫ್ರಾನ್ಸಿಸ್ ಜೇವಿಯರ್ 1549ರಲ್ಲಿ ಕಾಗೊಶಿಮಾದಲ್ಲಿ ಇಳಿದದ್ದು ಗೋವೆಯಿಂದ ಹೊರಟು, ಮಲಕ್ಕಾ ಹಾದು. ಮುಂದೆ ಗೋವಾ, ಮಲಕ್ಕಾ, ಮಕಾವು, ನಾಗಾಸಾಕಿ ಎಂದು ಹಡಗುಗಳ ದಾರಿಯೇ ಬಿದ್ದಿತು. ನಮ್ಮ ಅಡುಗೆಮನೆ, ಅವರ ಅಡುಗೆಮನೆ ಎರಡೂ ಒಂದೇ ಸಮುದ್ರಮಾರ್ಗದ ಮೇಲಿದ್ದವು.

ಆದರೆ ಜಪಾನಿಗೆ ಮೆಣಸಿನಕಾಯಿ ಬಂದದ್ದು ನೇರವಾಗಿ ಪೋರ್ಚುಗೀಸರ ಕೈಯಿಂದಲೋ, ಇಲ್ಲ ನೆರೆಯ ಕೊರಿಯಾದಿಂದಲೋ? ಇಲ್ಲಿದೆ ತಮಾಷೆ. 1630ರಿಂದ 1714ರವರೆಗೆ ಬದುಕಿದ್ದ ಕಾಯ್ಬಾರಾ ಎಕಿಕೆನ್ ಎಂಬ ಜಪಾನಿ ವಿದ್ವಾಂಸರು ಹೇಳುವಂತೆ, ತೊಯೊತೊಮಿ ಹಿದೆಯೊಶಿ ಕೊರಿಯಾದ ಮೇಲೆ ದಂಡೆತ್ತಿ ಹೋದಾಗ (1592ರಿಂದ 1598) ಅಲ್ಲಿಂದ ಬೀಜ ಬಂತು. ಹಾಗಾಗಿ ಅದಕ್ಕೆ 'ಕೊರಿಯಾದ ಮೆಣಸು' ಎಂಬ ಹೆಸರು. ಸರಿ, ಕೊರಿಯಾದವರನ್ನು ಕೇಳೋಣ ಎಂದರೆ, 1614ರಲ್ಲಿ ಇ ಸು-ಗ್ವಾಂಗ್ ಎಂಬ ಕೊರಿಯಾದ ವಿದ್ವಾಂಸರು ತಮ್ಮ 'ಚಿಬೊಂಗ್ ಯುಸೊಲ್' ಎಂಬ ಗ್ರಂಥದಲ್ಲಿ ಅದು ಜಪಾನಿನಿಂದ ಬಂದದ್ದೆಂದು ಬರೆದಿದ್ದಾರೆ. ಅಲ್ಲಿ ಅದರ ಹೆಸರು 'ಜಪಾನಿನ ಸಾಸಿವೆ'! ಇವರು ಅವರ ಕಡೆ ಬೆರಳು ತೋರಿಸಿದರು, ಅವರು ಇವರ ಕಡೆ.

ಇಂದು ಜಪಾನಿನಲ್ಲಿ ಎಲ್ಲರೂ ಬಳಸುವ ಹೆಸರು 'ತೋಗರಾಶಿ'. 'ತೋ' ಎಂದರೆ ಚೀನಾದ ತಾಂಗ್ ರಾಜ್ಯ; ಸಮುದ್ರದಾಚೆಯಿಂದ ಬಂದ ಯಾವುದಕ್ಕೂ ಆ ಅಕ್ಷರ ಹಚ್ಚುತ್ತಿದ್ದರು. 'ಕರಾಶಿ' ಎಂದರೆ ಸಾಸಿವೆ. ಒಟ್ಟಿನಲ್ಲಿ 'ಪರದೇಶದ ಸಾಸಿವೆ'. ಉತ್ತರದ ಕೆಲವು ಸೀಮೆಗಳಲ್ಲಿ ಅದನ್ನು 'ನಾನ್‌ಬಾನ್' ಎನ್ನುತ್ತಾರೆ. 'ದಕ್ಷಿಣದ ಅನಾಗರಿಕರು' ಎಂದು ಅದರ ಅರ್ಥ. ದಕ್ಷಿಣ ದಿಕ್ಕಿನಿಂದ ಹಡಗೇರಿ ಬಂದ ಪೋರ್ಚುಗೀಸರಿಗೆ ಜಪಾನಿಗಳು ಕೊಟ್ಟಿದ್ದ ಹೆಸರದು.

ದಕ್ಷಿಣದ ಕ್ಯೂಶೂ ದ್ವೀಪದಲ್ಲಿ ಮೆಣಸಿನಕಾಯಿಗೆ 'ಕೊಶೋ' ಎನ್ನುವ ರೂಢಿ. ಕೊಶೋ ಎಂದರೆ ನಿಜಕ್ಕೂ ಕಾಳುಮೆಣಸು. ಅಲ್ಲಿಯ ಪ್ರಸಿದ್ಧ 'ಯುಜು ಕೊಶೋ'ದಲ್ಲಿ ಕಾಳುಮೆಣಸು ಒಂದು ಚೂರೂ ಇರುವುದಿಲ್ಲ. ಯುಜು ಎಂಬ ನಿಂಬೆ ಜಾತಿಯ ಹಣ್ಣಿನ ಸಿಪ್ಪೆ, ಹಸಿಮೆಣಸಿನಕಾಯಿ, ಉಪ್ಪು ಇಷ್ಟನ್ನೇ ಅರೆದಿಡುತ್ತಾರೆ. ಮಗಳು ಇದನ್ನು ಹೇಳಿದಾಗ ನನಗೆ ನಮ್ಮ ರಂಜಕ ನೆನಪಾಯಿತು. ಹೆಸರಿನ ವಿಷಯದಲ್ಲಂತೂ ನಾವೂ ಅವರೂ ಒಂದೇ. ಮೆಣಸು ಎಂದರೆ ನಮಗೂ ಮೊದಲು ಕಾಳುಮೆಣಸೇ ಅಲ್ಲವೇ? ಹೊಸದಾಗಿ ಬಂದ ಖಾರದ ಕಾಯಿಗೆ ಹಳೆಯ ಖಾರದ ಹೆಸರನ್ನೇ ಕೊಟ್ಟು ಮೆಣಸಿನಕಾಯಿ ಎಂದೆವು. ಇಲ್ಲಿ ನಾವು ದಿನಾ ಕೇಳುವ ಮರಾಠಿಯ 'ಮಿರ್ಚಿ'ಯೂ ಸಂಸ್ಕೃತದ 'ಮರೀಚ', ಅಂದರೆ ಕಾಳುಮೆಣಸಿನ ಹೆಸರಿನಿಂದಲೇ ಬಂದದ್ದು.

ಏಳು ರುಚಿಯ ಪುಡಿ, ಕೆಂಪು ಹೊಲಗಳು

ನಮ್ಮಲ್ಲಿ ಬಂದ ಮೆಣಸಿನಕಾಯಿ ಸೀದಾ ಒಗ್ಗರಣೆಗೆ ಇಳಿಯಿತು. ಜಪಾನಿನಲ್ಲಿ ಹಾಗಾಗಲಿಲ್ಲ. ಅದು ಮೊದಲು ಔಷಧಿಯ, ಅಂದದ ಗಿಡದ ಸಾಲಿನಲ್ಲಿ ನಿಂತಿತು. ಚಳಿಗಾಲದಲ್ಲಿ ಪಾದ ಬೆಚ್ಚಗಿರಲೆಂದು ಕಾಲುಚೀಲದ ತುದಿಯಲ್ಲಿ ಒಣಮೆಣಸಿನಕಾಯಿ ಇಟ್ಟುಕೊಳ್ಳುತ್ತಿದ್ದರಂತೆ. ಅಕ್ಕಿಯ ಡಬ್ಬಕ್ಕೆ ಹುಳು ಬೀಳದಿರಲಿ ಎಂದು ನಾಲ್ಕು ಒಣಮೆಣಸಿನಕಾಯಿ ಹಾಕುವ ಪದ್ಧತಿ ಅಲ್ಲಿ ಇಂದಿಗೂ ಇದೆ. ನಮ್ಮ ಮನೆಗಳಲ್ಲೂ ಇದೆ. ಮಗಳ ಮನೆಯ ಮಾಲಕಿ ಅಜ್ಜಿ ಹಾಗೆ ಮಾಡುವುದನ್ನು ಕಂಡು ಅವಳು ನನಗೆ ರಾತ್ರಿ ಹನ್ನೊಂದಕ್ಕೆ ವಿಡಿಯೊ ಕಾಲ್ ಮಾಡಿದ್ದಳು.

ಔಷಧಿಯ ಸಾಲಿನಿಂದ ಊಟದ ಮಣೆಗೆ ಅದನ್ನು ತಂದದ್ದು ಮಗಳು ತಂದ ಆ ಡಬ್ಬಿಯೊಳಗಿನ ಪುಡಿ, 'ಶಿಚಿಮಿ ತೋಗರಾಶಿ'. ಶಿಚಿಮಿ ಎಂದರೆ ಏಳು ರುಚಿ. 1625ರಲ್ಲಿ ಎದೊ, ಅಂದರೆ ಇಂದಿನ ಟೋಕಿಯೊದ ಯಾಗೆನ್‌ಬೊರಿ ಎಂಬಲ್ಲಿ ಇದರ ಅಂಗಡಿ ಶುರುವಾಯಿತು. ಅದು ವೈದ್ಯರು, ಔಷಧಿ ವ್ಯಾಪಾರಿಗಳು ಇದ್ದ ಕೇರಿ. ಮೆಣಸಿನಕಾಯಿ, ಎಳ್ಳು, ಗಸಗಸೆ, ಒಣಗಿಸಿದ ಕಿತ್ತಳೆ ಸಿಪ್ಪೆ, ಸೆಣಬಿನ ಜಾತಿಯ ಬೀಜ, ಸಾನ್ಶೊ ಎಂಬ ಘಮದ ಕಾಳು ಹೀಗೆ ಮದ್ದಿನ ಸಾಮಾನುಗಳನ್ನೇ ಕೂಡಿಸಿ ರುಚಿಯ ಪುಡಿ ಮಾಡಿದರು. ಬಿಸಿ ಸಾರಿನಲ್ಲಿ ತೇಲುವ ಸೋಬಾ ಶಾವಿಗೆಯ ಮೇಲೆ ಉದುರಿಸಿಕೊಳ್ಳಲು ಎದೊ ಜನಕ್ಕೆ ಇದು ಬಲು ಹಿಡಿಸಿತು. ದೊಡ್ಡ ಕೆಂಪು ಮೆಣಸಿನಕಾಯಿಯ ಆಕಾರದ ಪೆಟ್ಟಿಗೆಯನ್ನು ಹೊತ್ತು ಬೀದಿ ಬೀದಿಯಲ್ಲಿ ಇದನ್ನು ಮಾರುವವರಿದ್ದರು. ನಾಗಾನೊದ ಝೆಂಕೋಜಿ ದೇವಾಲಯದ ಬಳಿ 1736ರಲ್ಲಿ ಶುರುವಾದ ಅಂಗಡಿಯೊಂದು ಇಂದಿಗೂ ಇದೆ. ಯಾತ್ರೆಗೆ ಹೋದವರು ನಮ್ಮಲ್ಲಿ ಪ್ರಸಾದ ತಂದಂತೆ ಅಲ್ಲಿಂದ ಈ ಪುಡಿ ತರುತ್ತಾರೆ.

ಎದೊದಲ್ಲಿ ಇಷ್ಟು ಬೇಡಿಕೆ ಬಂದ ಮೇಲೆ ಬೆಳೆಯುವವರೂ ಹತ್ತಿರದಲ್ಲೇ ಬೇಕಲ್ಲ. ನಾಯ್ತೊ ಎಂಬ ಸಾಮಂತ ಮನೆತನದ ವಾಡೆಯ ಸುತ್ತಮುತ್ತಲ ಹಳ್ಳಿಗಳಲ್ಲಿ 'ಯಾತ್ಸುಫುಸಾ' ಎಂಬ ತಳಿಯನ್ನು ಬೆಳೆದರು. ಕಾಯಿಗಳು ಗೊಂಚಲು ಗೊಂಚಲಾಗಿ ಆಕಾಶಕ್ಕೆ ಮುಖ ಮಾಡಿ ನಿಲ್ಲುವ ಗಿಡ. ಜನ ಅದನ್ನು 'ನಾಯ್ತೊ ತೋಗರಾಶಿ' ಎಂದರು. ಹಣ್ಣಾಗುವ ಕಾಲಕ್ಕೆ ಹೊಲವೆಲ್ಲ ಕೆಂಪಾಗುತ್ತಿತ್ತಂತೆ. ಆ ವಾಡೆಯ ಜಾಗ ಈಗ ಶಿಂಜುಕು ಗ್ಯೋಎನ್ ಎಂಬ ದೊಡ್ಡ ಉದ್ಯಾನ. ಸುತ್ತಲಿನ ಹೊಲಗಳ ಜಾಗದಲ್ಲಿ ಮುಗಿಲು ಮುಟ್ಟುವ ಕಟ್ಟಡಗಳು.

18ನೇ ಶತಮಾನದಲ್ಲಿ ಹಿರಾಗಾ ಗೆನ್ನಾಯ್ ಎಂಬ ಬಹುಮುಖ ಪಂಡಿತರು ಮೆಣಸಿನಕಾಯಿಗಳಿಗಾಗಿಯೇ ಒಂದು ಚಿತ್ರಗ್ರಂಥ ಮಾಡಿದರು. ಸುಮಾರು ಅರವತ್ತು ಬಗೆಯ ಕಾಯಿಗಳು ಅದರಲ್ಲಿವೆ. ಉದ್ದನೆಯವು, ಗುಂಡನೆಯವು, ಮೇಲ್ಮುಖದವು, ಜೋತುಬಿದ್ದವು. ಪರದೇಶದ ಸಾಸಿವೆ ಎಂದು ಕರೆಸಿಕೊಂಡದ್ದು ಇನ್ನೂರು ವರ್ಷದೊಳಗೆ ಅರವತ್ತು ಮಕ್ಕಳ ತಾಯಿಯಾಗಿತ್ತು.

ಖಾರ ಬಿಟ್ಟ ಕಾಯಿಗಳು

ಜಪಾನಿನವರು ಮಾಡಿದ ಇನ್ನೊಂದು ಕೆಲಸ ನನಗೆ ಹೆಚ್ಚು ಸೋಜಿಗ ಎನಿಸಿತು. ನಾವು ಖಾರಕ್ಕೆ ಮೆಣಸಿನಕಾಯಿ ಬೆಳೆದರೆ, ಅವರು ಖಾರವಿಲ್ಲದ ಗಿಡಗಳನ್ನು ಆರಿಸಿ ಆರಿಸಿ ಬೀಜ ಮಾಡಿ, ಅದನ್ನು ತರಕಾರಿಯನ್ನಾಗಿಸಿದರು. ಕ್ಯೋಟೊ ಸೀಮೆಯ 'ಫುಶಿಮಿ' ತೆಳ್ಳಗೆ ಉದ್ದ, ಖಾರವಿಲ್ಲ. ಅದೇ ಸೀಮೆಯ ಮಾಯ್ಜುರು ಎಂಬಲ್ಲಿ ಸುಮಾರು ನೂರು ವರ್ಷದ ಹಿಂದೆ ಹುಟ್ಟಿದ 'ಮಾಂಗಾನ್‌ಜಿ' ದಪ್ಪ, ಮೆತ್ತಗೆ. ಫುಶಿಮಿಗೂ ಅಮೆರಿಕದ ದೊಣ್ಣೆಮೆಣಸಿನಕಾಯಿಗೂ ಆದ ಸಂಕರದಿಂದ ಅದು ಬಂದಿರಬೇಕು ಎನ್ನುತ್ತಾರೆ. ಮತ್ತು ನನ್ನ ಶಿಶಿತೊ. 'ಶಿಶಿ' ಎಂದರೆ ಸಿಂಹ. ಮಡಚಿದ ತುದಿ ಅವರ ಕಣ್ಣಿಗೆ ಸಿಂಹದ ಮುಖದಂತೆ ಕಂಡಿತು. ಖಾರದ ಕಡೆ ಹೆಸರಾದದ್ದು 'ತಾಕಾನೊತ್ಸುಮೆ', ಅಂದರೆ ಗಿಡುಗನ ಉಗುರು. ಚಿಕ್ಕದು, ಚೂಪು, ಬಾಗಿದ್ದು.

ಶಿಶಿತೊ ಬೆಳೆಯುವುದು ಕಷ್ಟವಲ್ಲ. ಪುಣೆಯ ಹವೆಯಲ್ಲಿ ನಾನು ಮೇ ಕೊನೆಯಲ್ಲಿ ಬೀಜವನ್ನು ಒಂದು ರಾತ್ರಿ ನೆನೆಸಿ ಬಟ್ಟಲುಗಳಲ್ಲಿ ಹಾಕುತ್ತೇನೆ. ಎಂಟು-ಹತ್ತು ದಿನಕ್ಕೆ ಮೊಳಕೆ. ಆರು ಎಲೆ ಬಂದ ಮೇಲೆ ಹನ್ನೆರಡು ಇಂಚಿನ ಕುಂಡಕ್ಕೆ ಒಂದೇ ಸಸಿ. ಎರಡು ಪಾಲು ಕೆಂಪು ಮಣ್ಣು, ಒಂದು ಪಾಲು ಎರೆಗೊಬ್ಬರ, ಒಂದು ಪಾಲು ಕೊಕೊಪೀಟ್. ಮೊದಲ ಹೂಗಳನ್ನು ಚಿವುಟಿದರೆ ಗಿಡ ಕವಲೊಡೆಯುತ್ತದೆ. ಎಲೆ ಮುಟುರಿದರೆ ನುಸಿ, ಥ್ರಿಪ್ಸ್ ಬಂದಿವೆಯೇ ಎಂದು ಎಲೆಯ ಅಡಿ ನೋಡಿ. ವಾರಕ್ಕೊಮ್ಮೆ ಬೇವಿನೆಣ್ಣೆ ಸಿಂಪಡಿಸಿದರೆ ಹತೋಟಿಗೆ ಬರುತ್ತದೆ. ಕಾಯಿ ಬೆರಳುದ್ದ ಆದ ಕೂಡಲೇ ಹಸಿರಿದ್ದಾಗಲೇ ಕೊಯ್ಯಬೇಕು. ಒಂದು ತೂತು ಚುಚ್ಚಿ, ಕಾವಲಿಯ ಮೇಲೆ ಎಳ್ಳೆಣ್ಣೆಯಲ್ಲಿ ಬಾಡಿಸಿ, ಉಪ್ಪು ಉದುರಿಸಿದರೆ ಆಯಿತು. ತೂತು ಮರೆತರೆ ಪಟ್ ಎಂದು ಸಿಡಿಯುತ್ತದೆ, ಜೋಕೆ. ಬಜ್ಜಿಯೂ ಆಗುತ್ತದೆ. ಅವರ ತೆಂಪುರಾ ಕೂಡ ಪೋರ್ಚುಗೀಸರಿಂದ ಕಲಿತದ್ದೇ.

ಹತ್ತರಲ್ಲಿ ಒಂದು ಶಿಶಿತೊ ಖಾರ ಇರುತ್ತದೆ ಎಂಬುದು ಜಪಾನಿನಲ್ಲಿ ಎಲ್ಲರಿಗೂ ಗೊತ್ತಿರುವ ಮಾತು. ನೀರು ಕಡಿಮೆಯಾಗಿ, ಬಿಸಿಲು ಹೆಚ್ಚಾಗಿ ಗಿಡ ಬಳಲಿದರೆ ಖಾರದವು ಹೆಚ್ಚುತ್ತವೆ.

ನಾನು ಮಾಡಿದ ತಪ್ಪು

ಮೊದಲ ವರ್ಷ ಬೆಳೆ ಚೆನ್ನಾಗಿ ಬಂತು. ಸಂಭ್ರಮದಲ್ಲಿ ನಾಲ್ಕು ಕಾಯಿ ಗಿಡದಲ್ಲೇ ಕೆಂಪಾಗಲು ಬಿಟ್ಟು ಬೀಜ ತೆಗೆದಿಟ್ಟೆ. ಎರಡನೆಯ ವರ್ಷ ಆ ಬೀಜದಿಂದ ಬಂದ ಗಿಡಗಳಲ್ಲಿ ಕಾಯಿ ಉದ್ದವಾಯಿತು, ಸುಕ್ಕು ಕಡಿಮೆಯಾಯಿತು. ಆದರೂ ಅನುಮಾನ ಬರಲಿಲ್ಲ. ಮನೆಗೆ ಬಂದ ನೆಂಟರ ಹುಡುಗನಿಗೆ "ತಿನ್ನಪ್ಪಾ, ಖಾರ ಇರೂದಿಲ್ಲ" ಎಂದು ನಾನೇ ಕೈಗೆ ಕೊಟ್ಟೆ. ಪಾಪ, ಕೂಸು ಕಣ್ಣೀರು ಹಾಕಿ ಮನೆ ತುಂಬ ಓಡಾಡಿತು. ಬೆಲ್ಲ, ಮೊಸರು ಎಲ್ಲ ಕೊಟ್ಟು ಸಮಾಧಾನ ಮಾಡುವಷ್ಟರಲ್ಲಿ ನನ್ನ ಕಣ್ಣಲ್ಲೂ ನೀರು.

ಕಾರಣ ಆಮೇಲೆ ತಿಳಿಯಿತು. ಪಕ್ಕದ ಕುಂಡದಲ್ಲಿ ಖಾರದ ಜ್ವಾಲಾ ಮೆಣಸಿನಕಾಯಿ ಇತ್ತು. ಜೇನುನೊಣ ಅದರ ಪರಾಗವನ್ನು ಇದಕ್ಕೆ ತಂದಿತ್ತು. ಹಾಗಾದ ಮಾತ್ರಕ್ಕೆ ಆ ವರ್ಷದ ಕಾಯಿಯ ರುಚಿ ಬದಲಾಗುವುದಿಲ್ಲ. ಒಳಗಿನ ಬೀಜ ಬದಲಾಗಿರುತ್ತದೆ. ಗುಟ್ಟು ರಟ್ಟಾಗುವುದು ಮುಂದಿನ ಪೀಳಿಗೆಯಲ್ಲಿ. ತಳಿ ಶುದ್ಧ ಉಳಿಯಬೇಕಾದರೆ ಗಿಡಗಳನ್ನು ದೂರ ಇಡಬೇಕು, ಇಲ್ಲವೇ ಮೊಗ್ಗು ಅರಳುವ ಮುಂಚೆ ತೆಳು ಬಟ್ಟೆಯ ಚೀಲ ಕಟ್ಟಿ, ದಿನಾ ಕೊಂಬೆ ಮೆಲ್ಲಗೆ ಅಲುಗಿಸಿ, ಕಾಯಿ ಕಚ್ಚಿದ ಮೇಲೆ ಗುರುತಿಗೆ ದಾರ ಕಟ್ಟಬೇಕು. ಫುಶಿಮಿಯಂತಹ ತಳಿ ಮುನ್ನೂರು ವರ್ಷ ಖಾರವಿಲ್ಲದೆ ಉಳಿದಿದೆ ಎಂದರೆ, ಪ್ರತಿ ವರ್ಷ ಯಾರೋ ರುಚಿ ನೋಡಿ, ಒಳ್ಳೆಯ ಗಿಡ ಆರಿಸಿ, ಬೀಜ ಎತ್ತಿಟ್ಟಿದ್ದಾರೆ ಎಂದೇ ಅರ್ಥ. ಅವರ ಹೆಸರು ಯಾವ ಗ್ರಂಥದಲ್ಲೂ ಇಲ್ಲ.

ಶಿಂಜುಕುವಿನ ಎರಡು ಕಥೆಗಳು

ನಾಯ್ತೊ ತೋಗರಾಶಿಗೆ ಅಂಥ ಭಾಗ್ಯ ಇರಲಿಲ್ಲ. ನಗರ ಬೆಳೆಯುತ್ತ ಹೊಲ ಕರಗಿತು, ಬೇರೆ ಖಾರದ ತಳಿಗಳು ಬಂದವು, ಯಾತ್ಸುಫುಸಾ ಅಲ್ಲಿಂದ ಕಣ್ಮರೆಯಾಯಿತು.

ಅದೇ ಶಿಂಜುಕುವಿನಲ್ಲಿ ನಮ್ಮ ದೇಶದ ಒಂದು ಕಥೆಯೂ ಇದೆ. ಕ್ರಾಂತಿಕಾರಿ ರಾಸ್ ಬಿಹಾರಿ ಬೋಸ್ 1915ರಲ್ಲಿ ಬ್ರಿಟಿಷರ ಕಣ್ಣು ತಪ್ಪಿಸಿ ಜಪಾನಿಗೆ ಹೋದರು. ಅವರನ್ನು ಗಡೀಪಾರು ಮಾಡುವ ಆಜ್ಞೆ ಬಂದಾಗ ಶಿಂಜುಕುವಿನ ನಾಕಾಮುರಾಯಾ ಬೇಕರಿಯ ಸೋಮಾ ದಂಪತಿ ತಮ್ಮಲ್ಲಿ ಅಡಗಿಸಿಟ್ಟು ಕಾಪಾಡಿದರು. 1918ರಲ್ಲಿ ಅವರ ಮಗಳು ತೊಶಿಕೊ ಬೋಸರನ್ನು ಮದುವೆಯಾದಳು. 1925ರಲ್ಲಿ ಅವಳು ತೀರಿಕೊಂಡಳು. ಎರಡು ವರ್ಷದ ನಂತರ, 1927ರಲ್ಲಿ, ನಾಕಾಮುರಾಯಾದಲ್ಲಿ ಬೋಸರು ಕಲಿಸಿದ ಭಾರತೀಯ ಕರಿ ಬಡಿಸಲು ಶುರುಮಾಡಿದರು. ಅದು ಇಂದಿಗೂ ಅಲ್ಲಿ ಸಿಗುತ್ತದೆ. ಒಂದು ಕಾಲಕ್ಕೆ ಮೆಣಸಿನಕಾಯಿಯಿಂದ ಕೆಂಪಾಗುತ್ತಿದ್ದ ಊರಿಗೆ ನಮ್ಮವನೊಬ್ಬ ಮತ್ತೆ ಖಾರದ ಘಮ ತಂದ. ತಾಯ್ನಾಡಿಗೆ ಮರಳಲಾಗದೆ 1945ರ ಜನವರಿಯಲ್ಲಿ ಅಲ್ಲಿಯೇ ತೀರಿಕೊಂಡ.

ನಾಯ್ತೊ ತೋಗರಾಶಿಯ ಕಥೆ ಅಲ್ಲಿಗೆ ಮುಗಿಯಲಿಲ್ಲ. 2010ರ ಸುಮಾರಿಗೆ ಶಿಂಜುಕುವಿನ ಜನರೇ ಸೇರಿ ಆ ತಳಿಯನ್ನು ಮತ್ತೆ ಬೆಳೆಸಲು ತೊಡಗಿದರು. ಹೊಲ ಎಲ್ಲಿಂದ ತರುವುದು? ಕುಂಡಗಳಲ್ಲಿ ಬೆಳೆದರು. ಮಗಳು ಕಳಿಸಿದ ಫೋಟೊದಲ್ಲಿ ಅಂಗಡಿಯೊಂದರ ಬಾಗಿಲಲ್ಲಿ, ಸೈಕಲ್ ನಿಲ್ಲಿಸುವ ಜಾಗದ ಪಕ್ಕ, ಒಂದು ಕುಂಡ. ಗೊಂಚಲಾಗಿ ಮೇಲೆ ನೋಡುವ ಕೆಂಪು ಕಾಯಿಗಳು. ಆ ಫೋಟೊ ನೋಡಿದ ದಿನ ನನಗೆ ನಿದ್ದೆ ಬರಲಿಲ್ಲ.

ಅವ್ವನ ಗಂಟು

ಯಾಕೆಂದರೆ ನನ್ನ ಕಪಾಟಿನಲ್ಲೂ ಒಂದು ಗಂಟು ಇತ್ತು. ನನ್ನ ತವರು ಹಾವೇರಿ ಜಿಲ್ಲೆ. ಬ್ಯಾಡಗಿ ಪೇಟೆ ನಮಗೆ ಹತ್ತಿರ. ಮದುವೆಯಾಗಿ ಪುಣೆಗೆ ಹೊರಟಾಗ ಅವ್ವ ಒಂದು ಹಳೆಯ ಇಳಕಲ್ ಸೀರೆಯ ಚೂರಿನಲ್ಲಿ ಮನೆಯ ಮೆಣಸಿನ ಬೀಜ ಕಟ್ಟಿಕೊಟ್ಟಿದ್ದಳು. ಅವಳ ಅತ್ತೆಯಿಂದ ಬಂದ ಬೀಜ. ಬಣ್ಣ ದಟ್ಟ, ಖಾರ ಹದ. ಆಮೇಲೂ ಊರಿಗೆ ಹೋದಾಗಲೆಲ್ಲ ಹೊಸದು ಕೊಡುತ್ತಿದ್ದಳು. "ಡಬ್ಬ್ಯಾಗ ಇಟ್ರ ಬೀಜ ಉಳಿಯೂದಿಲ್ಲವ್ವಾ, ಮಣ್ಣಾಗ ಹಾಕಿದ್ರ ಉಳೀತೈತಿ" ಎನ್ನುತ್ತಿದ್ದಳು. ನಾನು ಹೂಂ ಅಂದು ಡಬ್ಬಿಯಲ್ಲಿಯೇ ಇಟ್ಟೆ. ನೌಕರಿ, ಮಕ್ಕಳು, ಬಾಡಿಗೆ ಮನೆ. ಒಂದಲ್ಲ ಒಂದು ನೆವ. ಅವ್ವ ಹೋಗಿ ಈಗ ಹನ್ನೊಂದು ವರ್ಷ.

ಮರುದಿನ ಗಂಟು ಬಿಚ್ಚಿದೆ. ಬೀಜ ಕಂದಾಗಿದ್ದವು. ಮೆಣಸಿನ ಬೀಜ ಸಾಮಾನ್ಯವಾಗಿ ಎರಡು-ಮೂರು ವರ್ಷ ಚೆನ್ನಾಗಿ ಮೊಳೆಯುತ್ತದೆ, ಆಮೇಲೆ ಜೀವ ಕುಗ್ಗುತ್ತದೆ ಎಂದು ಗೊತ್ತಿದ್ದೂ ಎಲ್ಲವನ್ನೂ ನೆನೆಸಿ ಬಿತ್ತಿದೆ. ಇಪ್ಪತ್ತು ದಿನ ಕಾದೆ. ಒಂದೂ ಮೊಳೆಯಲಿಲ್ಲ. ತಮ್ಮನಿಗೆ ಫೋನ್ ಮಾಡಿದರೆ, "ಅಕ್ಕಾ, ನಾವು ಈಗ ವರ್ಷಾ ಹೈಬ್ರಿಡ್ ಬೀಜಾನ ಕೊಂಡು ತರ್ತೇವಿ, ಮನಿ ಬೀಜ ಯಾರು ಇಡ್ತಾರ?" ಎಂದ. ಅವನನ್ನು ಬೈಯಲು ನನಗೆ ಬಾಯಿ ಎಲ್ಲಿತ್ತು? 2011ರಲ್ಲಿ ಬ್ಯಾಡಗಿ ಮೆಣಸಿನಕಾಯಿಗೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಾಗ ಪೇಪರ್ ಕತ್ತರಿಸಿಟ್ಟುಕೊಂಡು ಶಾಲೆಯಲ್ಲಿ ತೋರಿಸಿದವಳು ನಾನು. ಪೇಪರಿನ ತುಂಡು ಜೋಪಾನ ಮಾಡಿದೆ, ಬೀಜ ಮಾಡಲಿಲ್ಲ.

ಕೊನೆಗೆ ನಮ್ಮೂರಿನ ಒಬ್ಬ ದೊಡ್ಡವ್ವ ತನ್ನ ಹಿತ್ತಲಿನ ಗಿಡದ ಬೀಜ ಕಳಿಸಿದಳು. "ನಿಮ್ಮವ್ವನ ಕಡಿಂದನ ಒಯ್ದಿದ್ದೆ ಅಂತ ನೆನಪೈತಿ, ಆದ್ರ ಗ್ಯಾರಂಟಿ ಹೇಳಲಾರೆ" ಎಂದಳು. ನಡುವೆ ಎಷ್ಟು ಜೇನುನೊಣ ಹಾರಾಡಿವೆಯೋ. ಇದು ಅವ್ವನ ಬೀಜವೇ ಎಂದು ನಾನೂ ಹೇಳಲಾರೆ. ಆದರೆ ಈ ಸಲ ಬಿತ್ತಿದ್ದೇನೆ.

ಈಗ ಶಿಶಿತೊ ಮುಂದಿನ ಬಾಲ್ಕನಿಯಲ್ಲಿ, ದೊಡ್ಡವ್ವನ ಗಿಡ ಹಿಂದೆ ಅಡುಗೆಮನೆಯ ಕಿಟಕಿಯಲ್ಲಿ. ಎರಡರ ಮೊಗ್ಗಿಗೂ ಚೀಲ ಕಟ್ಟಿದ್ದೇನೆ. ಹಳೆಯ ಕಾಟನ್ ಸೀರೆಯದೇ ಚೀಲ. ಜಪಾನಿನ ಗಿಡ ಬೆಳೆಸದಿದ್ದರೆ ಬೀಜ ಉಳಿಸುವ ಬಗೆ ನನಗೆ ತಿಳಿಯುತ್ತಿರಲಿಲ್ಲ. ಪರದೇಶದ ಸಾಸಿವೆ ನನಗೆ ನನ್ನ ತವರಿನ ದಾರಿ ತೋರಿಸಿತು.

ಮೆಣಸಿನಕಾಯಿಗೆ ತಾನು ಎಲ್ಲಿಂದ ಬಂದೆ ಎಂಬ ಚಿಂತೆ ಇಲ್ಲ. ಯಾರು ಬಿತ್ತಿದರೋ ಅವರದ್ದಾಗುತ್ತದೆ, ಯಾರು ಬಿಟ್ಟರೋ ಅವರಿಂದ ಹೋಗುತ್ತದೆ. ಊರು ಬಿಟ್ಟು ಬಂದು ಪುಣೆಯಲ್ಲಿ ಬೇರು ಬಿಟ್ಟಿರುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಗೆಳತಿಯರೇ, ನಿಮ್ಮ ಕಪಾಟಿನಲ್ಲೂ ಇಂಥ ಗಂಟು ಇರಬಹುದು. ಅವರೆಯೋ, ಬದನೆಯೋ, ಮೆಣಸಿನಕಾಯಿಯೋ. ದಯವಿಟ್ಟು ಈ ವಾರವೇ ಬಿಚ್ಚಿ ನೋಡಿ. ಮೊಳೆತರೆ ಪೊಟ್ಟಣದ ಮೇಲೆ ಊರು, ಕೊಟ್ಟವರ ಹೆಸರು, ವರ್ಷ ಬರೆದು ರಾಜ್ಯೋತ್ಸವದ ದಿನ ನಮ್ಮ ಮಳಿಗೆಗೆ ತನ್ನಿ. ನಾನು ನನ್ನ ಎರಡೂ ಬೀಜ ತರುತ್ತೇನೆ. ಶಿಶಿತೊ ಪೊಟ್ಟಣದ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದಿರುತ್ತೇನೆ: ಮಕ್ಕಳ ಕೈಗೆ ಕೊಡುವ ಮೊದಲು ನೀವು ಒಂದು ಕಚ್ಚಿ ನೋಡಿ.